ಐದು ಗಂಟೆಯ ರೋಮ್, ಮೂರು ಗಂಟೆಯ ಗವಿಪುರ

ಕಳೆದ ವರ್ಷದ ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಗಾಂಧಿಬಜಾರಿನಲ್ಲಿ ಅರ್ಧ ಕೆ.ಜಿ. ಹುರುಳಿಕಾಯಿ ಕೊಳ್ಳಲು ಹೋಗಿ, ಒಂದು ಗಂಟೆ ಮಾತಾಡಿ, ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಹಿಂದಿನ ಬೀದಿಯ ತಾಯಿ, ಮಗ ಇಬ್ಬರೂ ಗೇಟು ತೆಗೆದು ಒಳಗೆ ಬಂದರು. ಹುಡುಗನ ತಂದೆ ಹೈಸ್ಕೂಲಿನಲ್ಲಿ ನನ್ನ ಶಿಷ್ಯ. ಹಾಗಾಗಿ ಆ ಮನೆಯಲ್ಲಿ ದೊಡ್ಡವರಿಗೆಲ್ಲ ನಾನು ಮೇಷ್ಟ್ರು, ಹುಡುಗನಿಗೆ ಮಾತ್ರ ತಾತ.

ಹುಡುಗನಿಗೆ ಜರ್ಮನಿಯಲ್ಲಿ ಓದಲು ಸೀಟು ಸಿಕ್ಕಿತ್ತು. ಅದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಆ ಸಂಜೆ ತಂದ ಹೊಸ ಸುದ್ದಿ ಎಂದರೆ, ಅಗ್ಗದ ಟಿಕೆಟ್ಟು ಹುಡುಕುತ್ತ ಹೋದವರಿಗೆ ದೆಹಲಿಯಿಂದ ರೋಮ್ ಮೂಲಕ ಹೋಗುವ ವಿಮಾನ ಸಿಕ್ಕಿತ್ತು. ಬೆಳಗಿನ ಆರೂವರೆಗೆ ರೋಮಿನಲ್ಲಿ ಇಳಿಯಬೇಕು, ಸಂಜೆ ಆರಕ್ಕೆ ಮತ್ತೊಂದು ವಿಮಾನ ಹತ್ತಬೇಕು. ನಡುವೆ ಹನ್ನೊಂದೂವರೆ ಗಂಟೆ.

"ಮೇಷ್ಟ್ರೇ, ಹನ್ನೊಂದೂವರೆ ಗಂಟೆ ಸುಮ್ಮನೆ ಕೂತ್ಕೊಂಡು ಏನು ಮಾಡ್ತಾನೆ? ಊರು ನೋಡ್ಕೊಂಡು ಬರಲಿ ಅಂತ ನಾನೇ ಒಂದು ಪಟ್ಟಿ ಮಾಡಿದ್ದೀನಿ. ನೀವು ಹೋಗಿಬಂದವರು, ಸ್ವಲ್ಪ ನೋಡಿ ಹೇಳಿ" ಎಂದು ಆಕೆ ಒಂದು ಹಾಳೆ ಮುಂದಿಟ್ಟರು.

ಮುದ್ದಾದ ಅಕ್ಷರ. ಒಟ್ಟು ಹದಿನಾಲ್ಕು ಹೆಸರು. ಕೊಲೋಸಿಯಂ, ವ್ಯಾಟಿಕನ್, ಟ್ರೆವಿ ಕಾರಂಜಿ, ಪ್ಯಾಂಥಿಯಾನ್ ಎಂದು ಸರಿಯಾಗಿಯೇ ಶುರುವಾಗಿತ್ತು. ಹನ್ನೆರಡನೆಯದು ಪೀಸಾದ ವಾಲುವ ಗೋಪುರ. ಹದಿಮೂರನೆಯದು ವೆನಿಸ್ಸಿನಲ್ಲಿ ದೋಣಿ. ಹದಿನಾಲ್ಕನೆಯದು, "ಅಲ್ಲಿಯ ಐಸ್‌ಕ್ರೀಂ".

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

"ಯಾಕೆ ಮೇಷ್ಟ್ರೇ?" ಎಂದರು ಆಕೆ.

"ಏನಿಲ್ಲಮ್ಮ. ರೋಮಿನವರೊಬ್ಬರು ದೇವನಹಳ್ಳಿಯಲ್ಲಿ ವಿಮಾನ ಇಳಿದು, ಸಂಜೆಯೊಳಗೆ ಬೇಲೂರು, ಹಂಪಿ, ಗೋಲಗುಮ್ಮಟ ನೋಡಿ ಮಲ್ಲೇಶ್ವರದಲ್ಲಿ ದೋಸೆ ತಿಂದು ಹೊರಡ್ತೀನಿ ಅಂದರೆ ನೀವೇನು ಹೇಳ್ತೀರಿ?"

ಆಕೆಯೂ ನಕ್ಕರು. ಆದರೆ ಮುಖ ಸ್ವಲ್ಪ ಸಣ್ಣದಾಯಿತು. ಹಾಳೆಯನ್ನು ಮಡಿಸುತ್ತ, "ನಮಗಂತೂ ಅದೆಲ್ಲ ನೋಡೋ ಯೋಗ ಇಲ್ಲ. ಇವನ ಓದಿಗೇ ಇರೋದೆಲ್ಲ ಹಾಕಿ ಆಯ್ತು. ಅವನು ನೋಡಿದರೆ ನಾವು ನೋಡಿದ ಹಾಗೆ" ಎಂದರು.

ಆ ಮಾತು ಕೇಳಿದ ಮೇಲೆ ಹಾಳೆಯನ್ನು ಹಿಂದಕ್ಕೆ ಕೊಡಲು ನನಗೆ ಮನಸ್ಸಾಗಲಿಲ್ಲ. ಎರಡು ದಿನ ಕೊಡಿ ಎಂದೆ.

ಈಗ ನನ್ನ ಕಥೆ ಹೇಳಿಬಿಡುತ್ತೇನೆ. ನಾನು ರೋಮ್ ನೋಡಿದವನು ಎಂಬ ಹೆಸರು ನಮ್ಮ ಬೀದಿಯಲ್ಲಿ ಇದೆ. 1996ರಲ್ಲಿ ಲಂಡನ್ನಿನ ಮಗಳ ಮನೆಯಿಂದ ಹಿಂದಿರುಗುವಾಗ ಅಲ್ಲಿ ಒಂದು ಹಗಲು ಇದ್ದೆ. ಪ್ರವಾಸಿ ಬಸ್ಸಿನಲ್ಲಿ ಹನ್ನೊಂದು ಸ್ಥಳ ನೋಡಿದೆ. ಎರಡು ರೋಲು ಫೋಟೋ ತೆಗೆದೆ. ಆ ಆಲ್ಬಮ್ ಈಗಲೂ ಬೀರುವಿನಲ್ಲಿದೆ. ತೆಗೆದು ನೋಡಿದರೆ ಯಾವ ಗುಮ್ಮಟ ಯಾವುದು, ಯಾವ ಕಂಬ ಎಲ್ಲಿಯದು ಎಂದು ಒಂದೂ ಹೊಳೆಯುವುದಿಲ್ಲ. ನೆನಪಿರುವುದು ಒಂದೇ. ಬಸ್ಸು ಹತ್ತುವ ಮುಂಚೆ ಬಾಯಾರಿ ಬೀದಿ ನಲ್ಲಿಯ ಹತ್ತಿರ ಹೋದೆ. ರೋಮಿನ ಬೀದಿಗಳಲ್ಲಿ ಎರಕದ ಕಬ್ಬಿಣದ ಗಿಡ್ಡ ನಲ್ಲಿಗಂಬಗಳಿವೆ. ಹಗಲೂ ರಾತ್ರಿ ನೀರು ಸುರಿಯುತ್ತಿರುತ್ತದೆ, ಕುಡಿಯಲು ಒಳ್ಳೆಯ ನೀರು, ಕಾಸು ಕೊಡಬೇಕಿಲ್ಲ. ನಾನು ಸೊಂಟ ಬಗ್ಗಿಸಲಾರದೆ ಒದ್ದಾಡುವುದನ್ನು ನೋಡಿ ಒಬ್ಬ ಅಜ್ಜಿ ಹತ್ತಿರ ಬಂದರು. ನಲ್ಲಿಯ ಬಾಯಿಯನ್ನು ಬೆರಳಿನಿಂದ ಒತ್ತಿ ಮುಚ್ಚಿದರು. ಕೊಳವೆಯ ಮೇಲ್ಭಾಗದ ಸಣ್ಣ ತೂತಿನಿಂದ ನೀರು ಪುಟಿದು ನೇರ ನನ್ನ ಬಾಯಿಯ ಎತ್ತರಕ್ಕೆ ಬಂತು. ಆ ಅಜ್ಜಿಯ ಬೆರಳು, ಆ ನೀರಿನ ತಂಪು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಉಳಿದ ರೋಮ್ ಆಲ್ಬಮ್ಮಿನಲ್ಲಿದೆ, ನನ್ನಲ್ಲಿಲ್ಲ.

ಹೀಗೇಕೆ ಎಂದು ಬಹಳ ಸಲ ಯೋಚಿಸಿದ್ದೇನೆ. ಉತ್ತರ ಸಿಕ್ಕಿದ್ದು ರೋಮಿನವನೇ ಆದ ಒಬ್ಬ ಯಾತ್ರಿಕನ ಪತ್ರಗಳಲ್ಲಿ.

ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. 1586ರಲ್ಲಿ ರೋಮಿನಲ್ಲಿ ಹುಟ್ಟಿದ ಸಿರಿವಂತ ಮನೆತನದ ಹುಡುಗ. 1614ರಲ್ಲಿ ವೆನಿಸ್ಸಿನಲ್ಲಿ ಹಡಗು ಹತ್ತಿದವನು ತುರ್ಕಿ, ಈಜಿಪ್ಟ್, ಪರ್ಷಿಯಾ ಸುತ್ತಿ 1623ರಲ್ಲಿ ಸೂರತ್ತಿಗೆ ಬಂದ. ಅಲ್ಲಿಂದ ಗೋವೆಗೆ. ಅದೇ ವರ್ಷದ ಕೊನೆಯಲ್ಲಿ ಪೋರ್ಚುಗೀಸರ ರಾಯಭಾರಿಯೊಬ್ಬ ಇಕ್ಕೇರಿಯ ದೊರೆ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಾಗ ಇವನೂ ಜೊತೆಯಾದ. ಹೊನ್ನಾವರದಿಂದ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ಕಂಡದ್ದನ್ನೆಲ್ಲ ನೇಪಲ್ಸಿನ ವೈದ್ಯಮಿತ್ರನಿಗೆ ಉದ್ದುದ್ದ ಪತ್ರಗಳಲ್ಲಿ ಬರೆದ.

ಆ ದಾರಿಯಲ್ಲಿ ಒಂದು ಊರಿನಲ್ಲಿ ಪ್ರಯಾಣ ಸ್ವಲ್ಪ ಹೊತ್ತು ನಿಂತಿತು. ಹೊರೆಯಾಳುಗಳು ಸಾಮಾನು ಹೊಂದಿಸಿಕೊಳ್ಳಬೇಕಿತ್ತು. ಈಗಿನ ಮಾತಿನಲ್ಲಿ ಹೇಳುವುದಾದರೆ, ವಿಮಾನ ಬದಲಿಸುವ ನಡುವಿನ ಕಾಯುವಿಕೆ. ಬೇರೆ ಯಾರಾದರೂ ಆಗಿದ್ದರೆ ಗೊಣಗುತ್ತ ಕುಳಿತಿರುತ್ತಿದ್ದರು. ಇವನು ದೇವಸ್ಥಾನದ ಜಗುಲಿಯಲ್ಲಿ ಕುಳಿತು, ಅಲ್ಲಿ ಪಾಠ ಒಪ್ಪಿಸುತ್ತಿದ್ದ ನಾಲ್ವರು ಹುಡುಗರನ್ನು ನೋಡತೊಡಗಿದ.

ಹುಡುಗರು ಮಗ್ಗಿ ಹೇಳುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ರಾಗವಾಗಿ ಒಂದು ಸಾಲು ಹಾಡಿ ಅದನ್ನೇ ಬೆರಳಿನಿಂದ ಮರಳಿನಲ್ಲಿ ಬರೆಯುತ್ತಿದ್ದ. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು. ನೆಲ ತುಂಬಿದಾಗ ಕೈಯಿಂದ ಅಳಿಸಿ ಪಕ್ಕದ ಗುಡ್ಡೆಯಿಂದ ಹೊಸ ಮರಳು ಚೆಲ್ಲುತ್ತಿದ್ದರು. ಕಾಗದ ಬೇಡ, ಮಸಿ ಬೇಡ, ಲೇಖನಿ ಬೇಡ. ನಮ್ಮ ಹಿರಿಯರಲ್ಲಿ ಕೂಲಿಮಠದಲ್ಲಿ ಓದಿದವರು ಮರಳಿನ ಮೇಲೆ ಅಕ್ಷರ ತಿದ್ದಿದ ಕಥೆ ಹೇಳುವುದನ್ನು ನೀವೂ ಕೇಳಿರಬಹುದು. ಅದೇ ದೃಶ್ಯ, ನಾನೂರು ವರ್ಷ ಹಿಂದಿನದು.

ಯಾತ್ರಿಕ ನೋಡಿ ಸುಮ್ಮನಾಗಲಿಲ್ಲ. ಒಂದು ಪ್ರಶ್ನೆ ಕೇಳಿದ. ಗುರುಗಳು ಇಲ್ಲಿಲ್ಲವಲ್ಲ, ನೀವು ಮರೆತರೆ ಅಥವಾ ತಪ್ಪಿದರೆ ತಿದ್ದುವವರು ಯಾರು? ಅದಕ್ಕೆ ಹುಡುಗರು ಕೊಟ್ಟ ಉತ್ತರವನ್ನೂ ಬರೆದಿಟ್ಟಿದ್ದಾನೆ. ನಾಲ್ವರೂ ಒಂದೇ ಜಾಗದಲ್ಲಿ ತಪ್ಪುವುದು ಆಗದ ಮಾತು, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದಲಿ ಎಂದೇ ಒಟ್ಟಿಗೆ ಕುಳಿತಿದ್ದೇವೆ ಎಂದರಂತೆ. ಯಾತ್ರಿಕ ತಲೆದೂಗಿದ.

ಆ ಹುಡುಗರ ಹೆಸರು ಗೊತ್ತಿಲ್ಲ. ಆದರೆ 1623ರಲ್ಲಿ ಮಲೆನಾಡಿನ ಮಕ್ಕಳು ಹೇಗೆ ಗಣಿತ ಕಲಿಯುತ್ತಿದ್ದರು ಎಂದು ಇವತ್ತು ನಾವು ಕಣ್ಣಾರೆ ಕಂಡಂತೆ ಹೇಳಬಲ್ಲೆವಾದರೆ, ಅದು ಒಬ್ಬ ಪರದೇಶಿ ಕಾಯುವ ಹೊತ್ತಿನಲ್ಲಿ ಕುಳಿತು ನೋಡಿ, ಒಂದು ಪ್ರಶ್ನೆ ಕೇಳಿದ್ದರಿಂದ. ಅದೇ ಪ್ರವಾಸದಲ್ಲಿ ಮುಂದೆ ಮಂಗಳೂರಿನ ಹತ್ತಿರ ಉಳ್ಳಾಲದ ರಾಣಿಯನ್ನೂ ಕಂಡ. ಕಂಡದ್ದು ಸಿಂಹಾಸನದ ಮೇಲಲ್ಲ. ತಾನು ತೋಡಿಸುತ್ತಿದ್ದ ಕಾಲುವೆ ಕೆಲಸ ನೋಡಲು ಆಕೆ ಬರಿಗಾಲಿನಲ್ಲಿ ನಡೆದು ಹೊರಟಿದ್ದಳು. ಅದನ್ನೂ ಬರೆದ.

ಇವನ ಬದುಕಿನ ಇನ್ನೊಂದು ಸಂಗತಿ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಬಾಗ್ದಾದಿನಲ್ಲಿ ಅವನು ಸಿತ್ತಿ ಮಾನಿ ಎಂಬ ಹೆಣ್ಣನ್ನು ಪ್ರೀತಿಸಿ ಮದುವೆಯಾಗಿದ್ದ. 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ಆಕೆ ತೀರಿಕೊಂಡಳು. ಪರಊರಿನಲ್ಲಿ ಹೂಳಲು ಮನಸ್ಸಾಗದೆ ಅವನು ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತದ ದಾರಿಯಾಗಿ ರೋಮಿಗೆ ಒಯ್ದ. 1626ರಲ್ಲಿ ಊರು ಸೇರಿದ. ಮರುವರ್ಷ ರೋಮಿನ ಸಾಂತಾ ಮರಿಯಾ ಇನ್ ಅರಾಕೋಲಿ ಎಂಬ ಇಗರ್ಜಿಯಲ್ಲಿ, ತನ್ನ ಮನೆತನದ ಪ್ರಾರ್ಥನಾಗೃಹದಲ್ಲಿ, ಆಕೆಯನ್ನು ಮಣ್ಣು ಮಾಡಿದ. 1652ರಲ್ಲಿ ತಾನೂ ಅಲ್ಲಿಗೇ ಸೇರಿದ.

ಮೂರನೆಯ ದಿನ ಹುಡುಗನನ್ನು ಕರೆಸಿ ಇಷ್ಟನ್ನೂ ಹೇಳಿದೆ. ಆಮೇಲೆ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಈ ಲೆಕ್ಕ ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಎಲ್ಲ ತಂದೆತಾಯಿಗೂ ಉಪಯೋಗಕ್ಕೆ ಬರುತ್ತದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ವೀಸಾ. ಇವನ ಕೈಯಲ್ಲಿದ್ದದ್ದು ಜರ್ಮನಿಯ ವಿದ್ಯಾರ್ಥಿ ವೀಸಾ. ಜರ್ಮನಿ, ಇಟಲಿ ಎರಡೂ ಷೆಂಗೆನ್ ಒಪ್ಪಂದದ ದೇಶಗಳಾದ್ದರಿಂದ ಇವನು ರೋಮಿನಲ್ಲಿ ಹೊರಗೆ ಕಾಲಿಡಬಹುದು. ಅಮೆರಿಕಕ್ಕೆ ಹೋಗುವ ಹುಡುಗನಾಗಿದ್ದರೆ ಅಮೆರಿಕದ ವೀಸಾ ಇದ್ದರೂ ಇಲ್ಲಿ ನಡೆಯದು. ಷೆಂಗೆನ್ ವೀಸಾ ಬೇರೆಯಾಗಿಯೇ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದ ಗಾಜಿನಾಚೆ ಕಾಣುವಷ್ಟೇ ರೋಮ್.

ಎರಡನೆಯದು ಸಮಯ. ಆರೂವರೆಗೆ ಇಳಿದರೆ ಪಾಸ್‌ಪೋರ್ಟ್ ತಪಾಸಣೆ ಮುಗಿಸಿ, ಕೈಚೀಲವನ್ನು ನಿಲ್ದಾಣದಲ್ಲೇ ಸಾಮಾನು ಇಡುವ ಕಡೆ ಕೊಟ್ಟು ಹೊರಬರಲು ಎಂಟು ಗಂಟೆ. ವಿಮಾನ ನಿಲ್ದಾಣ ಇರುವುದು ಊರಿನಿಂದ ಸುಮಾರು 30 ಕಿ.ಮೀ. ದೂರದ ಫ್ಯೂಮಿಚೀನೋದಲ್ಲಿ. ಅಲ್ಲಿಂದ ಎಲ್ಲಿಯೂ ನಿಲ್ಲದ ರೈಲು 32 ನಿಮಿಷದಲ್ಲಿ ತೆರ್ಮಿನಿ ಎಂಬ ದೊಡ್ಡ ನಿಲ್ದಾಣಕ್ಕೆ ತರುತ್ತದೆ. ರೈಲಿಗೆ ಕಾಯುವುದು, ಊರ ನಡುವೆ ಬಸ್ಸು ಹಿಡಿಯುವುದು ಸೇರಿಸಿ ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ಹಿಂದಿರುಗಲು ಇನ್ನೊಂದು ಒಂದೂಕಾಲು. ವಿಮಾನ ಹೊರಡುವ ಎರಡೂವರೆ ಗಂಟೆ ಮುಂಚೆ ಅಲ್ಲಿರಬೇಕು. ಹನ್ನೊಂದೂವರೆಯಲ್ಲಿ ಇಷ್ಟನ್ನೂ ಕಳೆಯಿರಿ. ಉಳಿಯುವುದು ಐದೇ ಗಂಟೆ.

ಹುಡುಗ ತಲೆ ಕೆರೆದುಕೊಂಡ. "ತಾತ, ಐದು ಗಂಟೆಗೆ ಹದಿನಾಲ್ಕು ಜಾಗ ಅಂದ್ರೆ ಒಂದಕ್ಕೆ ಇಪ್ಪತ್ತೊಂದು ನಿಮಿಷ!"

"ಅದರಲ್ಲಿ ಪೀಸಾ ರಸ್ತೆ ಮೇಲೆ 350 ಕಿ.ಮೀ. ಆಸುಪಾಸು" ಎಂದೆ.

ಮೂರನೆಯದು, ಎಲ್ಲಿಗೆ ಹೋಗುವುದು. ಕೊಲೋಸಿಯಂ ಒಳಗೆ ಹೋಗಲು ಮುಂಚೆಯೇ ಸಮಯ ಗೊತ್ತುಮಾಡಿದ ಟಿಕೆಟ್ಟು ಬೇಕು. ವಿಮಾನ ತಡವಾದರೆ ದುಡ್ಡು ಹೋಯಿತು. ವ್ಯಾಟಿಕನ್ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವೂ ಸಾಲದು. ನಾನು ಎರಡು ಜಾಗ ಮಾತ್ರ ಬರೆದುಕೊಟ್ಟೆ. ಒಂದು, ದೆಲ್ಲಾ ವಾಲ್ಲೆ ಮಲಗಿರುವ ಅರಾಕೋಲಿ. ಊರಿನ ನಡುವೆ ಕ್ಯಾಪಿಟೋಲ್ ಗುಡ್ಡದ ಮೇಲಿದೆ. 1348ರಲ್ಲಿ ಕಟ್ಟಿದ 124 ಮೆಟ್ಟಿಲು ಹತ್ತಬೇಕು. ಅದೇ ಗುಡ್ಡದ ಇನ್ನೊಂದು ಬದಿಗೆ ನಡೆದರೆ ರೋಮನ್ನರ ಹಳೆಯ ಪೇಟೆಚೌಕ, ಅಂದರೆ ಫೋರಂ, ಕೆಳಗೆ ಹರಡಿ ಬಿದ್ದಿರುವುದು ಪುಕ್ಕಟೆಯಾಗಿ ಕಾಣುತ್ತದೆ. ಎರಡನೆಯದು, ಅಲ್ಲಿಂದ ಕಾಲು ಗಂಟೆ ನಡಿಗೆಯ ಪ್ಯಾಂಥಿಯಾನ್. ಅದಕ್ಕೆ 2023ರ ಜುಲೈಯಿಂದ ಟಿಕೆಟ್ಟು ಇದೆ.

"ಎರಡೇನಾ?" ಎಂದ. ದನಿಯಲ್ಲಿ ನಿರಾಸೆ.

"ಎರಡೇ. ಆದರೆ ಹೋಗುವ ಮುಂಚೆ ಒಂದು ಅಭ್ಯಾಸ ಪಂದ್ಯ. ಭಾನುವಾರ ಬೆಳಿಗ್ಗೆ ಮೂರು ಗಂಟೆ ನನಗೆ ಕೊಡು. ಗವಿಪುರಕ್ಕೆ ಹೋಗೋಣ. ನೀನು ಈ ಊರಿನವನಲ್ಲ, ರೋಮಿನಿಂದ ಬಂದವನು ಅಂದ್ಕೋ."

"ಗವಿಪುರಾನಾ? ತಾತ, ನಾನು ಹುಟ್ಟಿದ್ದೇ ಅಲ್ಲಿ ಪಕ್ಕದಲ್ಲಿ."

"ಅದಕ್ಕೇ" ಎಂದೆ.

ಗವಿ ಗಂಗಾಧರೇಶ್ವರನ ಗುಡಿ ಬಸವನಗುಡಿಯ ಮಕ್ಕಳಿಗೆ ಹೊಸದಲ್ಲ. ಬಂಡೆಯ ಗವಿಯೊಳಗೆ ಲಿಂಗ, ಅಂಗಳದಲ್ಲಿ ನಾಲ್ಕು ಏಕಶಿಲಾ ಕಂಬ. ಅವುಗಳಲ್ಲಿ ಎರಡರ ನೆತ್ತಿಯ ಮೇಲೆ ಸೂರ್ಯಪಾನ, ಚಂದ್ರಪಾನ ಎಂಬ ದೊಡ್ಡ ಕಲ್ಲಿನ ಬಿಲ್ಲೆಗಳು. ಉಳಿದೆರಡು ತ್ರಿಶೂಲ, ಡಮರು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಹೊರಗಿನಿಂದ ತೂರಿ ನಂದಿಯ ಕೋಡುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಅದನ್ನು ನೋಡಲು ಸೇರುವ ಜನಜಂಗುಳಿ ನಿಮಗೆಲ್ಲ ಗೊತ್ತು.

ನಾನು ಹಾಕಿದ ನಿಯಮ ಮೂರು. ಫೋನು ನನ್ನ ಜೇಬಿನಲ್ಲಿ. ಮೊದಲ ಅರ್ಧ ಗಂಟೆ ಸುಮ್ಮನೆ ಕೂತು ನೋಡಬೇಕು. ಆಮೇಲೆ ಯಾರನ್ನಾದರೂ ಒಂದು ಪ್ರಶ್ನೆ ಕೇಳಬೇಕು. ಉತ್ತರ ಪುಸ್ತಕದಲ್ಲಿ ಸಿಗುವಂಥ ಪ್ರಶ್ನೆಯಾದರೆ ಅದಕ್ಕೆ ಅಂಕ ಇಲ್ಲ.

ಹತ್ತು ನಿಮಿಷ ಒದ್ದಾಡಿದ. ಕೈ ಜೇಬಿಗೆ ಹೋಗುವುದು, ಬರಿದಾಗಿ ಬರುವುದು. ಹದಿನೈದು ನಿಮಿಷದ ಮೇಲೆ ಕಂಬಗಳ ಸುತ್ತ ತಿರುಗಿದ. ನಂದಿಯ ಹಿಂದೆ ನಿಂತು ಕೋಡುಗಳ ನಡುವೆ ಕಣ್ಣಿಟ್ಟು ನೋಡಿದ. ಹೊರಗೆ ಹೂವು ಮಾರುವ ಅಮ್ಮನ ಹತ್ತಿರ ಹೋಗಿ ಏನೋ ಕೇಳಿ ಬಂದ. ಕೊನೆಗೆ ನನ್ನ ಪಕ್ಕ ಕುಳಿತು ಹೇಳಿದ:

"ತಾತ, ಇವತ್ತು ಸಂಕ್ರಾಂತಿ ಅಂತ ಸೂರ್ಯನಿಗೆ ಹೇಗೆ ಗೊತ್ತಾಗುತ್ತೆ?"

ನನ್ನ ಮೇಷ್ಟ್ರತನಕ್ಕೆ ಸಂತೋಷವಾಯಿತು. "ಗೊತ್ತಾಗಲ್ಲ. ಹಾಗಾದರೆ ಏನಾಗಬೇಕು, ನೀನೇ ಹೇಳು" ಎಂದೆ.

ಅರ್ಚನೆಯ ಚೀಟಿ ಮಗುಚಿ ಬರೆಯತೊಡಗಿದ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ಕೊನೆಯಂಚು ಮುಟ್ಟಿ ತಿರುಗುತ್ತಾನೆ. ಹೋಗುವಾಗ ಯಾವ ದಾರಿಯೋ, ಬರುವಾಗಲೂ ಅದೇ ದಾರಿ. ಜನವರಿ 14 ಎಂದರೆ ತಿರುಗಿದ 24 ದಿನಕ್ಕೆ ಈ ಜಾಗಕ್ಕೆ ಬಂದ ಹಾಗಾಯಿತು. ಅಂದ ಮೇಲೆ ತಿರುಗುವ 24 ದಿನ ಮುಂಚೆಯೂ ಇದೇ ಜಾಗ ದಾಟಿ ಹೋಗಿರಬೇಕು. ಅಂದರೆ ನವೆಂಬರ್ 27ರ ಆಸುಪಾಸು.

"ಅವತ್ತೂ ಕಿರಣ ಬೀಳಬೇಕು! ಯಾರೂ ಹೇಳೇ ಇಲ್ವಲ್ಲ?"

ಹೇಳಿದ್ದಾರೆ. ಬೆಂಗಳೂರಿನ ನೆಹರು ತಾರಾಲಯದ ಬಿ.ಎಸ್. ಶೈಲಜಾ ಅವರೂ ಜೊತೆಗಾರರೂ ಈ ಗುಡಿಯನ್ನು ಅಳೆದು ನೋಡಿ 2008ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಲೇಖನ ಬರೆದರು. ಜನವರಿ 13ರಿಂದ 16ರವರೆಗೆ ಒಮ್ಮೆ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಮ್ಮೆ, ವರ್ಷಕ್ಕೆ ಎರಡು ಸಲ ಬೆಳಕು ಲಿಂಗದ ಮೇಲೆ ಬೀಳುತ್ತದೆ ಎಂದು ತೋರಿಸಿದರು. ಗುಡಿಯ ಕಟ್ಟಡ ಮೊದಲು ಹೇಗಿತ್ತು, ಆಮೇಲೆ ಎಷ್ಟು ಬದಲಾಯಿತು ಎಂದು ತಿಳಿಯಲು ಅವರಿಗೆ ನೆರವಾದದ್ದು ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಇಬ್ಬರು ಆಂಗ್ಲ ಚಿತ್ರಕಾರರು. 1792ರಲ್ಲಿ ಈ ಕಡೆ ಬಂದವರು ಗುಡಿಯ ಮುಂದೆ ಕುಳಿತು ಕಂಡದ್ದನ್ನು ಕಂಡಂತೆ ಬರೆದುಕೊಂಡಿದ್ದರು. ಇನ್ನೂರು ವರ್ಷ ಕಳೆದ ಮೇಲೆ ಆ ಚಿತ್ರ ವಿಜ್ಞಾನಕ್ಕೆ ಸಾಕ್ಷಿಯಾಯಿತು. ಬಂದುಹೋಗುವವನು ಗಮನವಿಟ್ಟು ನೋಡಿದರೆ ಊರಿನವನಿಗೂ ಲಾಭ ಎಂಬುದಕ್ಕೆ ಇನ್ನೇನು ಬೇಕು?

"ಈಗ ಇದೇ ಪ್ರಶ್ನೆ ಜೇಬಿನಲ್ಲಿಟ್ಟುಕೊಂಡು ಪ್ಯಾಂಥಿಯಾನಿಗೆ ಹೋಗು" ಎಂದೆ.

ಪ್ಯಾಂಥಿಯಾನ್ ರೋಮನ್ ಚಕ್ರವರ್ತಿ ಹೇಡ್ರಿಯನ್ನನ ಕಾಲದ್ದು. ಹತ್ತೊಂಬತ್ತು ಶತಮಾನವಾದರೂ ಗಟ್ಟಿಯಾಗಿ ನಿಂತಿದೆ. ದುಂಡನೆಯ ಕೋಣೆ, ಮೇಲೆ ಗುಮ್ಮಟ. ಕೋಣೆಯ ಅಗಲ 43.3 ಮೀಟರು, ನೆಲದಿಂದ ಗುಮ್ಮಟದ ನೆತ್ತಿಗೂ ಅಷ್ಟೇ. ನೆತ್ತಿಯಲ್ಲಿ ಮುಚ್ಚಳವಿಲ್ಲದ ಒಂದು ದೊಡ್ಡ ಬೆಳಕಿಂಡಿ. ಚಾಮರಾಜಪೇಟೆಯ ಹಳೆಯ ತೊಟ್ಟಿಮನೆಗಳಲ್ಲಿ ತೊಟ್ಟಿಗೆ ಬಿಸಿಲು, ಮಳೆ ಬೀಳುವ ಹಾಗೆ ಇಲ್ಲೂ ಬೀಳುತ್ತದೆ. ಮಳೆನೀರು ಇಂಗಿಹೋಗಲು ನೆಲದ ಕಲ್ಲಿನಲ್ಲಿ ತೂತುಗಳಿವೆ. ಬಿಸಿಲು ಮಾತ್ರ ಒಂದು ಬಿಲ್ಲೆಯಾಗಿ ಗೋಡೆಯ ಮೇಲೆ ದಿನವೆಲ್ಲ ಸರಿಯುತ್ತದೆ. ಏಪ್ರಿಲ್ 21 ರೋಮ್ ಹುಟ್ಟಿದ ದಿನ ಎಂದು ಆ ಊರಿನ ನಂಬಿಕೆ. ಆ ದಿನ ನಡುಹಗಲಿನಲ್ಲಿ ಬೆಳಕಿನ ಬಿಲ್ಲೆ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆ.

ಹತ್ತನೆಯ ತರಗತಿಯ ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಏಪ್ರಿಲ್ 21ರ ನಡುಹಗಲು ರೋಮಿನಲ್ಲಿ ಸೂರ್ಯನ ಎತ್ತರ ಸುಮಾರು 60 ಡಿಗ್ರಿ. ಕಿಂಡಿಯ ನಡುವಿನಿಂದ ಬಾಗಿಲ ಗೋಡೆಗೆ ಅಡ್ಡದೂರ 43.3ರ ಅರ್ಧ, 21.65 ಮೀಟರು. ಟ್ಯಾನ್ 60 ಎಂದರೆ 1.73. ಗುಣಿಸಿದರೆ ಕಿರಣ ಸುಮಾರು 37.5 ಮೀಟರು ಕೆಳಗಿಳಿದಿರುತ್ತದೆ. 43.3ರಲ್ಲಿ ಕಳೆದರೆ ನೆಲದಿಂದ ಆರು ಮೀಟರಿನ ಒಳಗೆ. ಅದು ಬಾಗಿಲೇ! ಪಠ್ಯಪುಸ್ತಕದಲ್ಲಿ ದೀಪದ ಕಂಬ, ನೆರಳು ಎಂದು ಆಕಳಿಸುತ್ತ ಮಾಡುವ ಲೆಕ್ಕ ಇದೇ.

ಗವಿಪುರದ ಪ್ರಶ್ನೆಯನ್ನು ಇಲ್ಲಿಗೂ ಹಾಕಿ. ಸೂರ್ಯನಿಗೆ ರೋಮಿನ ಹುಟ್ಟುಹಬ್ಬವೂ ಗೊತ್ತಿಲ್ಲ. ಜೂನ್ 21ಕ್ಕೆ 61 ದಿನ ಮುಂಚೆ ಬಾಗಿಲಿಗೆ ಬಂದವನು 61 ದಿನ ಕಳೆದು, ಆಗಸ್ಟ್ 21ರ ಸುಮಾರಿಗೆ, ಮತ್ತೆ ಬರಲೇಬೇಕು. ಹುಡುಗ ಹೋಗುವುದು ಸೆಪ್ಟೆಂಬರ್ ಕೊನೆಯಲ್ಲಿ. ಅವತ್ತು ಬಿಲ್ಲೆ ಎಲ್ಲಿರಬೇಕು ಎಂದು ಲೆಕ್ಕ ಮಾಡಿ ಚೀಟಿಯಲ್ಲಿ ಬರೆದು ಕೊಡಲು ಹೇಳಿದೆ. ಬಾಗಿಲಿಗಿಂತ ಬಹಳ ಮೇಲೆ, ಗುಮ್ಮಟ ಗೋಡೆಗೆ ಸೇರುವ ಅಂಚಿನ ಹತ್ತಿರ ಎಂದು ಬಂತು. ಚೀಟಿ ನನ್ನ ಹತ್ತಿರ ಉಳಿಯಿತು.

ಹೊರಡುವ ದಿನ ಆಕೆ ಕೇಳಿದ್ದು ಒಂದೇ. "ಎರಡೇ ಜಾಗ ನೋಡಿದರೆ ಜನ ಏನಂದಾರು ಮೇಷ್ಟ್ರೇ?" ನಾನು ಉತ್ತರ ಕೊಡಲಿಲ್ಲ. ನನ್ನೊಳಗೂ ಅಳುಕಿತ್ತು. ಇನ್ನೆಂದೂ ಸಿಗದ ಅವಕಾಶವನ್ನು ನನ್ನ ಹಟಕ್ಕೆ ಕೆಡಿಸಿದೆನೇ ಎಂದು ಎರಡು ರಾತ್ರಿ ನಿದ್ದೆ ಸರಿಯಾಗಲಿಲ್ಲ.

ಅವತ್ತು ಸಂಜೆ ಅವರ ಮನೆಯಲ್ಲಿ ಎಲ್ಲರೂ ಫೋನಿನ ಸುತ್ತ ಕುಳಿತಿದ್ದೆವು. ಇಲ್ಲಿ ಸಂಜೆ ಏಳೂವರೆ, ಅಲ್ಲಿ ನಾಲ್ಕು ಗಂಟೆ. ಹುಡುಗ ವಿಮಾನ ನಿಲ್ದಾಣಕ್ಕೆ ವಾಪಸಾಗಿದ್ದ. ತಾಯಿ ಮೊದಲು ಕೇಳಿದ್ದು ತಿಂಡಿ ಆಯಿತೇ ಎಂದು. ಆಯಿತಂತೆ. ಅಲ್ಲಿ ಕಾಫಿ ನಿಂತು ಕುಡಿದರೆ ಒಂದು ದರ, ಮೇಜಿಗೆ ಕುಳಿತರೆ ಹೆಚ್ಚು ದರ, "ನಮ್ಮ ದರ್ಶಿನಿ ಥರಾನೇ ನಿಂತ್ಕೊಂಡೇ ಕುಡಿದೆ, ಅಮ್ಮ. ಒಂದೇ ಗುಟುಕು ಇರುತ್ತೆ" ಎಂದ.

ಆಮೇಲೆ ಶುರುವಾಯಿತು. 124 ಮೆಟ್ಟಿಲು ಎಣಿಸಿಕೊಂಡೇ ಹತ್ತಿದ್ದ. ಇಗರ್ಜಿಯೊಳಗೆ ಒಂದು ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತಿದ್ದ. "ಅಮ್ಮ, ಅವನು ಹೆಂಡತಿಯನ್ನ ಅಷ್ಟು ದೂರದಿಂದ ಇಲ್ಲಿಗೆ ಕರ್ಕೊಂಡು ಬಂದ ಅಂತ ಯೋಚಿಸ್ತಿದ್ದೆ. ಊರು ಬಿಟ್ಟು ಹನ್ನೆರಡು ವರ್ಷ ಆದ ಮೇಲೆ. ನಾನು ಬಿಟ್ಟು ಒಂದು ದಿನ ಆಗಿದೆ ಅಷ್ಟೇ" ಎಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗನ ತಂದೆ ಕನ್ನಡಕ ತೆಗೆದು ಒರೆಸಿಕೊಂಡ.

ಪ್ಯಾಂಥಿಯಾನಿನಲ್ಲಿ ನಡುಹಗಲಿನವರೆಗೆ ನಿಂತಿದ್ದನಂತೆ. ಅಲ್ಲಿ ಆ ತಿಂಗಳು ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಹಾಗಾಗಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಒಂದು ಗಂಟೆ. ಜನ ಬರುತ್ತಿದ್ದರು, ಫೋಟೋ ತೆಗೆದು ಹೋಗುತ್ತಿದ್ದರು. ಬಿಲ್ಲೆ ಮೆಲ್ಲಗೆ ಸರಿದು ಬಾಗಿಲ ಮೇಲ್ಗಡೆ, ಲೆಕ್ಕದಲ್ಲಿ ಬಂದ ಅಂಚಿಗೇ ಬಂತಂತೆ. ಪಕ್ಕದಲ್ಲಿದ್ದ ಕಾವಲುಗಾರನನ್ನು "ಆಗಸ್ಟಿನಲ್ಲೂ ಬಾಗಿಲಿಗೆ ಬರುತ್ತಾ?" ಎಂದು ಕೈಸನ್ನೆ, ಇಂಗ್ಲಿಷು ಸೇರಿಸಿ ಕೇಳಿದ. ಆತ ನಕ್ಕು, ಬೆರಳು ತುಟಿಗಿಟ್ಟು, ತಲೆಯಾಡಿಸಿದನಂತೆ.

ಒಂದು ಗಂಟೆ ಮಗ ಹೇಳಿದ, ತಾಯಿ ಕೇಳಿದರು. ಹದಿನಾಲ್ಕು ಜಾಗ ನೋಡಿದ್ದರೆ ಅಷ್ಟು ಹೊತ್ತು ಹೇಳಲು ಏನಿರುತ್ತಿತ್ತೋ ನನಗೆ ತಿಳಿಯದು. ನನ್ನ ಆಲ್ಬಮ್ ಬಗ್ಗೆ ಮಾತ್ರ ಹೇಳಬಲ್ಲೆ, ಅದನ್ನು ತೋರಿಸಲು ಹತ್ತು ನಿಮಿಷ ಸಾಕು.

ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನವೆಂಬರ್ 27ರಂದು ಮಧ್ಯಾಹ್ನ ನಾಲ್ಕೂವರೆಗೆ ಆಕೆ ಗೇಟಿನ ಹತ್ತಿರ ನಿಂತು ಕೂಗಿದರು. "ಮೇಷ್ಟ್ರೇ, ಗವಿಪುರಕ್ಕೆ ಬರ್ತೀರಾ? ನನ್ನ ಮಗನ ಲೆಕ್ಕ ಸರಿ ಇದೆಯೋ ಇಲ್ಲವೋ ನೋಡಬೇಕು."

ಹೋದೆವು. ಮೋಡ. ಏನೂ ಕಾಣಲಿಲ್ಲ. ಮರುದಿನ ಆಕೆ ಒಬ್ಬರೇ ಹೋಗಿದ್ದರು, ಮತ್ತೆ ಮೋಡ. ಮೂರನೆಯ ಸಂಜೆ ನನ್ನ ಮಂಡಿನೋವಿನಿಂದ ನಾನು ಹೋಗಲಾಗಲಿಲ್ಲ. ಆರೂವರೆ ಹೊತ್ತಿಗೆ ಬಂದು ಬಾಗಿಲಲ್ಲೇ ನಿಂತು ಹೇಳಿದರು. ಸಂಕ್ರಾಂತಿಯ ನೂಕುನುಗ್ಗಲಿಲ್ಲ, ಟೀವಿಯವರಿಲ್ಲ, ಬೆರಳೆಣಿಕೆಯಷ್ಟು ಜನ. ಸಂಜೆಬಿಸಿಲು ಮೆಲ್ಲಗೆ ಒಳಗೆ ಬಂದು ಲಿಂಗದ ಮೇಲೆ ಕೆಲವು ನಿಮಿಷ ನಿಂತಿತ್ತು. ಮದುವೆಯಾಗಿ ಬಂದು ಇಪ್ಪತ್ತೇಳು ವರ್ಷ ಈ ಬಡಾವಣೆಯಲ್ಲಿದ್ದರೂ ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು ಎಂದರು.

"ಮಗನಿಗೆ ಫೋನು ಮಾಡಿದಿರಾ?" ಎಂದೆ.

"ಇನ್ನೂ ಇಲ್ಲ. ಅವನು ಕೇಳೋ ಪ್ರಶ್ನೆಗೆಲ್ಲ ಉತ್ತರ ಹೇಳಬೇಕಲ್ಲ, ಮೊದಲು ನಿಮ್ಮ ಹತ್ತಿರ ಒಂದು ಕೇಳೋಣ ಅಂತ ಬಂದೆ. ಆ ಸೂರ್ಯಪಾನ, ಚಂದ್ರಪಾನ ಇವೆಯಲ್ಲ, ಅವು ಯಾಕೆ ಅಷ್ಟು ದೊಡ್ಡವು ಮೇಷ್ಟ್ರೇ?"

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಬರುವ ಭಾನುವಾರ ಇಬ್ಬರೂ ಹೋಗಿ ಕುಳಿತು ನೋಡೋಣ ಎಂದುಕೊಂಡೆವು.